ತಿರುವಿನಲ್ಲಿ ಓವರ್‌ಟೇಕ್ ಮಾಡಿ ಮಾವನಿಗೆ ಗುದ್ದಿದ್ದಾರೆ, 25 ಸಾವಿರಕ್ಕೆ ಮುಗಿಸೋಣ ಅಂತಿದ್ದಾರೆ. ಏನು ಮಾಡಲಿ?

ಬೋಯಿಕೇರಿ ಹುಡುಗ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆ ಎಂಟೂವರೆ ಸುಮಾರಿಗೆ ನಮ್ಮ ಸೋದರಮಾವ ಸ್ಕೂಟರ್‌ನಲ್ಲಿ ಮಡಿಕೇರಿ ಕಡೆ ಹೋಗುತ್ತಿದ್ದರು. ಬೋಯಿಕೇರಿ ಹತ್ತಿರದ ತಿರುವು. ಮಂಜು ಇತ್ತು. ಎದುರಿನಿಂದ ಬಸ್ ಬರುತ್ತಿತ್ತು. ಅದನ್ನು ಹಿಂದಿಕ್ಕಲು ಒಂದು ಟೂರಿಸ್ಟ್ ಕಾರು ಬಲಕ್ಕೆ ಬಂದು ನೇರವಾಗಿ ಮಾವನಿಗೆ ಗುದ್ದಿದೆ. ಕಾಲರ್ ಬೋನ್ ಮುರಿದಿದೆ, ಮಂಡಿ ಕಿತ್ತುಹೋಗಿದೆ. ಹೆಲ್ಮೆಟ್ ಹಾಕಿದ್ದಕ್ಕೆ ತಲೆ ಉಳಿಯಿತು.

ಕಾರಿನವರು ಓಡಿಹೋಗಲಿಲ್ಲ, ಅದನ್ನು ಹೇಳಬೇಕು. ಆಸ್ಪತ್ರೆಗೂ ಬಂದರು. ಆದರೆ ಸಂಜೆ ಅವರ ಕಡೆಯ ಯಾರೋ ಫೋನ್ ಮಾಡಿ, "ಕೇಸು ಗೀಸು ಅಂತ ಸುಮ್ನೆ ಅಲೆದಾಟ ಯಾಕೆ, 25 ಸಾವಿರ ಕೊಡ್ತೀವಿ, ಒಂದು ಪೇಪರ್‌ಗೆ ಸಹಿ ಹಾಕಿ" ಅಂದರು. ಅತ್ತೆ ಒಪ್ಪಿಕೊಳ್ಳೋಣ ಅನ್ನುತ್ತಾರೆ. ಹೇಗೂ ಸಾವಿರ ರೂಪಾಯಿ ದಂಡ ಕಟ್ಟಿ ಹೋಗುತ್ತಾರೆ, ನಮಗೆ ಏನು ಸಿಗುತ್ತದೆ ಅನ್ನುವುದು ಅವರ ವಾದ. ನಿಜವಾಗಿ ಇದಕ್ಕೆ ಕಾನೂನಿನಲ್ಲಿ ಎಷ್ಟು ಶಿಕ್ಷೆ ಇದೆ? ತಿಳಿದವರು ಹೇಳಿ.

ಗುಡ್ಡೆಹೊಸೂರು ಗುಂಡ

ಸಹಿ ಹಾಕಬೇಡಿ ಮಾರಾಯ್ರೇ! ಈ ವೀಕೆಂಡ್ ಪಾರ್ಟಿಗಳಿಗೆ ನಮ್ಮ ರಸ್ತೆ ಅಂದರೆ ರೇಸ್ ಟ್ರ್ಯಾಕ್. ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆವರೆಗೆ ನಾವು ಹಾಲು ತರಲೂ ಹೊರಗೆ ಬರುವ ಹಾಗಿಲ್ಲ. ಹೊಸ ಕಾನೂನಿನಲ್ಲಿ ಗುದ್ದಿ ಕೊಂದರೆ ಹತ್ತು ವರ್ಷ ಜೈಲು ಅಂತೆ. ಒಳಗೆ ಹಾಕಿಸಿ.

ಬೆಂಗಳೂರಿಂದ ಬರುವವ

ಗುದ್ದಿದವರು ತಪ್ಪು ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೂರಿಸ್ಟ್ ಎಂದರೆ ಎಲ್ಲರೂ ಒಂದೇ ಅಲ್ಲ ಸ್ವಾಮಿ. ಕಳೆದ ಸಲ ನಾನು ಮೂವತ್ತರಲ್ಲಿ ಹೋಗುತ್ತಿದ್ದೆ ಅಂತ ಹಿಂದಿನಿಂದ ಹಾರ್ನ್ ಹೊಡೆದು ಪ್ರಾಣ ತೆಗೆದದ್ದು ನಿಮ್ಮ ಕೊಡಗಿನ ಕೆಎ-12 ಗಾಡಿಯವರೇ.

ಮಾಂದಲ್‌ಪಟ್ಟಿ ಜೀಪು

ಹ್ಹ ಹ್ಹ, ಅದು ನಾನೇ ಇರಬಹುದು. ತಮಾಷೆ ಬಿಡಿ. ಹುಡುಗ, ಮಾವ ಹೇಗಿದ್ದಾರೆ ಈಗ? ಆಪರೇಷನ್ ಬೇಕಂತಾ?

ಬೋಯಿಕೇರಿ ಹುಡುಗ

ಸದ್ಯಕ್ಕೆ ಬೆಲ್ಟ್ ಹಾಕಿದ್ದಾರೆ ಅಣ್ಣ. ವಾರ ಬಿಟ್ಟು ಮತ್ತೆ ಎಕ್ಸ್‌ರೇ. ತಿಂಗಳುಗಟ್ಟಲೆ ಭಾರ ಎತ್ತುವ ಹಾಗಿಲ್ಲ. ಮೆಣಸು ಕೊಯ್ಯುವ ಹೊತ್ತಿಗೆ ಹೀಗಾಯಿತು.

ಹಳೇ ಕೋರ್ಟು

ನಾನು ವಿರಾಜಪೇಟೆ, ಮಡಿಕೇರಿ ಕೋರ್ಟುಗಳಲ್ಲಿ ಬಹಳ ವರ್ಷ ವಕೀಲಿಕೆ ಮಾಡಿದವನು. ಈಗ ಮನೆಯಲ್ಲಿ ಕಾಫಿ ಕುಡಿಯುತ್ತಾ ಇಲ್ಲಿ ತಲೆ ಹಾಕುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಇಂಥ ಘಟನೆಗೆ ಎರಡು ಕಾನೂನು ಒಟ್ಟಿಗೆ ಬರುತ್ತವೆ. ಒಂದು 1988ರ ಮೋಟಾರು ವಾಹನ ಕಾಯ್ದೆ. ಇನ್ನೊಂದು ಭಾರತೀಯ ನ್ಯಾಯ ಸಂಹಿತೆ. 2024ರ ಜುಲೈ 1ರಿಂದ ಐಪಿಸಿ, ಅಂದರೆ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿದ್ದು ಇದೇ.

ಮೋಟಾರು ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 10,000 ದಂಡ, ಅಥವಾ ಎರಡೂ. 2019ರ ತಿದ್ದುಪಡಿಯಲ್ಲಿ ಯಾವುದೆಲ್ಲ ಅಪಾಯಕಾರಿ ಅಂತ ಬಿಡಿಸಿ ಬರೆದಿದ್ದಾರೆ. ಕೆಂಪು ದೀಪ ಹಾರುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ಬರುವುದು, ನಿಯಮಕ್ಕೆ ವಿರುದ್ಧವಾಗಿ ಓವರ್‌ಟೇಕ್ ಮಾಡುವುದು. ನಿಮ್ಮ ಮಾವನ ಕೇಸು ಈ ಕೊನೆಯದರಲ್ಲಿ ಸರಿಯಾಗಿ ಕೂರುತ್ತದೆ. ಮುಂದೆ ಕಾಣದ ತಿರುವಿನಲ್ಲಿ ಹಿಂದಿಕ್ಕುವ ಹಾಗೇ ಇಲ್ಲ.

ನ್ಯಾಯ ಸಂಹಿತೆಯಲ್ಲಿ 281 ಅಂದರೆ ಐಪಿಸಿಯ ಹಳೆಯ 279. ಸಾರ್ವಜನಿಕ ರಸ್ತೆಯಲ್ಲಿ ಜೀವಕ್ಕೆ ಅಪಾಯವಾಗುವ ಹಾಗೆ ಓಡಿಸುವುದು. ಆರು ತಿಂಗಳವರೆಗೆ ಜೈಲು ಅಥವಾ 1,000 ದಂಡ ಅಥವಾ ಎರಡೂ. ನಿಮ್ಮ ಅತ್ತೆ ಹೇಳುತ್ತಿರುವ ಸಾವಿರ ರೂಪಾಯಿ ಇದು. ಆದರೆ ಪೆಟ್ಟಾದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 125ನೇ ಸೆಕ್ಷನ್ ಸೇರುತ್ತದೆ. ಸಾಧಾರಣ ಗಾಯವಾದರೆ ಆರು ತಿಂಗಳು ಅಥವಾ 5,000. ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಜೈಲು ಅಥವಾ 10,000 ದಂಡ, ಅಥವಾ ಎರಡೂ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯವೇ.

ಗುಂಡ ಅವರೇ, ಹತ್ತು ವರ್ಷದ ಮಾತು ಅರ್ಧ ಸರಿ. ಸಾವಿಗೆ ಕಾರಣವಾದರೆ ನ್ಯಾಯ ಸಂಹಿತೆಯ 106(1), ಐದು ವರ್ಷದವರೆಗೆ ಜೈಲು ಮತ್ತು ದಂಡ. ಹಳೆಯ 304ಎ ಕಾಲದಲ್ಲಿ ಎರಡೇ ವರ್ಷ ಇತ್ತು. ಕೊಂದು, ಪೊಲೀಸರಿಗೂ ತಿಳಿಸದೆ ಓಡಿದರೆ ಹತ್ತು ವರ್ಷ ಅನ್ನುವ 106(2) ಪುಸ್ತಕದಲ್ಲಿದೆ. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ತುಂಬಾ ಮುಷ್ಕರ ಮಾಡಿದರಲ್ಲ, ಇದಕ್ಕೇ. ಜುಲೈಯಲ್ಲಿ ಉಳಿದದ್ದೆಲ್ಲ ಜಾರಿ ಮಾಡುವಾಗ ಆ ಒಂದು ಉಪವಿಧಿಯನ್ನು ಮಾತ್ರ ತಡೆಹಿಡಿದರು.

ಗುಡ್ಡೆಹೊಸೂರು ಗುಂಡ

ಓಹೋ. ವಾಟ್ಸಾಪ್‌ನಲ್ಲಿ ಹಾಗೆ ಬರಲಿಲ್ಲ ಸಾರ್.

ಪೇದೆ ಆಗಿದ್ದೆ

ವಕೀಲರು ಸೆಕ್ಷನ್ ಹೇಳಿದರು. ನಾನು ಠಾಣೆ ಒಳಗಿನದ್ದು ಹೇಳುತ್ತೇನೆ. ಹುಡುಗ, ದೂರು ಕೊಟ್ಟಿದ್ದೀಯಾ ಇಲ್ವಾ? ಅದೇ ಮೊದಲು. ದೂರು ಇಲ್ಲದೆ ಇಲ್ಲಿ ಎಷ್ಟು ಸೆಕ್ಷನ್ ಬರೆದರೂ ನೀರಲ್ಲಿ ಹೋಮ.

ಎರಡನೆಯದು, ನಮ್ಮಲ್ಲಿ ಎಲ್ಲ ದೂರೂ ಒಂದೇ ಅಚ್ಚು. "ಸದರಿ ಚಾಲಕನು ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿಪಡಿಸಿ..." ನಾನೇ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಕೈ ತಾನಾಗಿ ಬರೆಯುತ್ತಿತ್ತು. ಆದರೆ ನಿಮ್ಮದರಲ್ಲಿ ಅಷ್ಟೇ ಬರೆಸಬೇಡಿ. ತಿರುವು ಎಂದು ಬರೆಸಿ. ಮಂಜು ಇತ್ತು, ಬಸ್ಸನ್ನು ಹಿಂದಿಕ್ಕಲು ಬಲಕ್ಕೆ ಬಂದ, ರಸ್ತೆ ಮಧ್ಯದ ಗೆರೆ ದಾಟಿದ, ಡಿಕ್ಕಿಯಾದದ್ದು ಮಾವನ ಎಡಬದಿಯಲ್ಲಿ, ಹೀಗೆ ಕಣ್ಣಿಗೆ ಕಟ್ಟುವ ಹಾಗೆ ಬರೆಸಿ. ಮಹಜರು ಮಾಡುವಾಗ ನೀವೂ ಹೋಗಿ ನಿಲ್ಲಿ. ಸ್ಕೆಚ್‌ನಲ್ಲಿ ಗಾಜಿನ ಚೂರು ಎಲ್ಲಿ ಬಿದ್ದಿತ್ತು, ಗೆರೆ ಎಲ್ಲಿದೆ ಅನ್ನುವುದು ಬರಬೇಕು.

ಹಳೇ ಕೋರ್ಟು

ಇವರು ಹೇಳಿದ್ದು ಲಕ್ಷ ರೂಪಾಯಿ ಮಾತು. 1998ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕರ್ನಾಟಕದ್ದೇ ಒಂದು ಕೇಸು ತೀರ್ಮಾನ ಆಯಿತು. ಲಾರಿ ಪಲ್ಟಿಯಾಗಿ ಜನ ಸತ್ತಿದ್ದರು. ಸಾಕ್ಷಿಗಳು "ಜೋರಾಗಿ ಓಡಿಸುತ್ತಿದ್ದ" ಅಂತ ಮಾತ್ರ ಹೇಳಿದ್ದರು. ಜೋರು ಅಂದರೆ ಎಷ್ಟು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಬರೀ ಜೋರಾಗಿ ಬಂದ ಎಂದರೆ ಅಜಾಗರೂಕತೆ ಸಾಬೀತಾಗುವುದಿಲ್ಲ ಅಂತ ಚಾಲಕನ ಬಿಡುಗಡೆಯನ್ನು ಎತ್ತಿಹಿಡಿದರು.

ಇದು ಕೇಳಿ ಕೆಲವರಿಗೆ ಸಿಟ್ಟು ಬರುತ್ತದೆ. ನನಗೆ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವೇಗದ ಲೆಕ್ಕವೇ ಬೇರೆ ಅಲ್ವಾ? ಕುಶಾಲನಗರದಾಚೆ ಬಯಲಿನಲ್ಲಿ ಅರವತ್ತು ಏನೂ ಅಲ್ಲ. ಅದೇ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ, ಮಂಜಿನಲ್ಲಿ, ಮೂವತ್ತು ಕೂಡ ಅಜಾಗರೂಕತೆಯೇ. ಕಾನೂನು ಕೇಳುವುದು ಜವಾಬ್ದಾರಿ ಇರುವ ಒಬ್ಬ ಚಾಲಕ ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಹೇಗೆ ಓಡಿಸುತ್ತಿದ್ದ ಅಂತ. ಮೀಟರ್ ಮುಳ್ಳು ಎಲ್ಲಿತ್ತು ಅನ್ನುವುದು ಆಮೇಲೆ.

ಸಂಪಾಜೆ ಲೈನ್

ನಾನು ಬಸ್ ಓಡಿಸುವವನು. ಸಾರ್ ಹೇಳಿದ ಹಾಗೇ. ಮಳೆಗಾಲದಲ್ಲಿ ಜೋಡುಪಾಲದ ಹತ್ತಿರ ಬಾನೆಟ್ ಮುಂದೆ ಏನೂ ಕಾಣದ ದಿನ ಇದೆ. 2018ರಲ್ಲಿ ಗುಡ್ಡ ಕುಸಿದ ಮೇಲಂತೂ ಆ ದಾರಿಯಲ್ಲಿ ನನ್ನ ಕಾಲು ಬ್ರೇಕ್ ಮೇಲೇ ಇರುತ್ತದೆ. ಹಿಂದಿನ ಕಾರಿನವನಿಗೆ ಅದು ಗೊತ್ತಾಗುವುದಿಲ್ಲ. ಹೈ ಬೀಮ್ ಹಾಕಿ ಮಿಣಿಮಿಣಿ ಮಾಡುತ್ತಾನೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಕಟ್ಟಿದ ಹಾಗೆ ಅಂತ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಹೇಳಿಕೊಡುವುದಿಲ್ಲವಾ?

ಇನ್ನೊಂದು. ಇಕ್ಕಟ್ಟಾದ ಏರು ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಇದು ಮರ್ಯಾದೆಯ ಮಾತಲ್ಲ, ಚಾಲನಾ ನಿಯಮದಲ್ಲೇ ಇದೆ. ಭಾಗಮಂಡಲದಿಂದ ಕರಿಕೆ ಕಡೆ ಹೋಗಿ ನೋಡಿ, ಎಷ್ಟು ಜನಕ್ಕೆ ಗೊತ್ತಿದೆ ಅಂತ.

ಬೆಂಗಳೂರಿಂದ ಬರುವವ

ನನಗೆ ಗೊತ್ತಿರಲಿಲ್ಲ. ಒಪ್ಪಿಕೊಂಡೆ.

ಬೋಯಿಕೇರಿ ಹುಡುಗ (ಸೋಮವಾರ ಮಧ್ಯಾಹ್ನ)

ದೂರು ಕೊಟ್ಟೆವು. ಎಫ್‌ಐಆರ್ ಆಯಿತು. 281, 125 ಎರಡೂ ಹಾಕಿದ್ದಾರೆ. ಕಾರು, ಸ್ಕೂಟರ್ ಎರಡೂ ಠಾಣೆಯಲ್ಲಿವೆ, ಬ್ರೇಕ್ ಇನ್ಸ್‌ಪೆಕ್ಟರ್ ಬಂದು ನೋಡಬೇಕಂತೆ. ಆದರೆ ಒಂದು ತಲೆನೋವು. ಮಾವನ ಡಿಎಲ್ ಮುಗಿದು ಒಂದು ವರ್ಷ ಮೇಲಾಗಿದೆ. ಸ್ಕೂಟರ್ ಇನ್ಶೂರೆನ್ಸೂ ಇಲ್ಲ. ಫೋನ್ ಮಾಡಿದವರಿಗೆ ಇದು ಹೇಗೋ ಗೊತ್ತಾಗಿ, "ನಿಮಗೇ ತೊಂದರೆ, ಒಂದು ರೂಪಾಯಿ ಸಿಗಲ್ಲ" ಅಂತ ಹೆದರಿಸುತ್ತಿದ್ದಾರೆ. ಅತ್ತೆ ರಾತ್ರಿಯೆಲ್ಲ ಮಲಗಲಿಲ್ಲ.

ಅಮ್ಮತ್ತಿ ಅಕ್ಕ

ಅಯ್ಯೋ, ಒಂದು ವರ್ಷ ಮಾಡಿಸಲಿಲ್ಲವಾ! ನಮ್ಮ ಗಂಡಸರಿಗೆ ತೋಟದ ಗೊಬ್ಬರದ ಲೆಕ್ಕ ಬಾಯಿಪಾಠ, ಡಿಎಲ್ ಯಾವಾಗ ಮುಗಿಯುತ್ತದೆ ಅಂತ ಕೇಳಿದರೆ ಆಕಾಶ ನೋಡುತ್ತಾರೆ.

ಹಳೇ ಕೋರ್ಟು

ಹೆದರಬೇಡಿ ಅಂತ ಅತ್ತೆಗೆ ಹೇಳಿ. ಡಿಎಲ್ ಇಲ್ಲದ್ದಕ್ಕೆ, ಇನ್ಶೂರೆನ್ಸ್ ಇಲ್ಲದ್ದಕ್ಕೆ ಮಾವ ದಂಡ ಕಟ್ಟಬೇಕಾದೀತು. ವಿಮೆ ಇಲ್ಲದೆ ಮೊದಲ ಸಲ ಸಿಕ್ಕರೆ ಕಾಯ್ದೆಯಲ್ಲಿ 2,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಂತಿದೆ. ಅದು ಬೇರೆ ಲೆಕ್ಕ. ಡಿಎಲ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅಪಘಾತದಲ್ಲಿ ಅವರದ್ದೂ ತಪ್ಪಿದೆ ಅಂತ ಆಗುವುದಿಲ್ಲ. 2008ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಗುದ್ದಿದ್ದು ಹೇಗೆ ಅನ್ನುವುದು ಮುಖ್ಯ.

ಪರಿಹಾರ ಕೊಡುವುದು ಕಾರಿನ ಥರ್ಡ್ ಪಾರ್ಟಿ ಇನ್ಶೂರೆನ್ಸ್. ಮಾವನ ಸ್ಕೂಟರಿನದ್ದಲ್ಲ. ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಕಾರಿನವರ ಊರು ಯಾವುದಾದರೂ ಸರಿ, ಅಪಘಾತ ಆದ ಜಾಗದಲ್ಲಿ ಅಥವಾ ನೀವು ಇರುವ ಊರಿನ ವ್ಯಾಪ್ತಿಯಲ್ಲಿ ಹಾಕಬಹುದು. ಅಂದರೆ ಮಡಿಕೇರಿಯಲ್ಲೇ. 2022ರ ಏಪ್ರಿಲ್‌ನಿಂದ ಇದಕ್ಕೆ ಆರು ತಿಂಗಳ ಗಡುವು ಬಂದಿದೆ. ಹಿಂದಿನ ಹಾಗೆ ಎರಡು ಮೂರು ವರ್ಷ ಬಿಟ್ಟು ನೋಡೋಣ ಅನ್ನಬೇಡಿ. ಆಸ್ಪತ್ರೆ ಬಿಲ್ಲು, ಔಷಧಿ ಚೀಟಿ, ಜೀಪ್ ಬಾಡಿಗೆಯ ರಸೀದಿ ಎಲ್ಲ ಒಂದು ಕವರಿನಲ್ಲಿ ಹಾಕಿಡಿ. ದುಡಿಯಲು ಆಗದೆ ಹೋದ ದಿನಗಳ ಲೆಕ್ಕವನ್ನೂ ಕೇಳಬಹುದು.

ಆ ಪೇಪರಿಗೆ ಸಹಿ ಹಾಕಬೇಡಿ. ಅದರಲ್ಲಿ ಏನು ಬರೆದಿರುತ್ತಾರೆ ಅಂತ ನನಗೆ ಓದದೆಯೇ ಗೊತ್ತು. "ನನ್ನದೇ ತಪ್ಪಿನಿಂದ ಬಿದ್ದೆನು." ಇನ್ನೊಂದು ವಿಷಯ, 281 ರಾಜಿ ಮಾಡಿಕೊಳ್ಳಬಹುದಾದ ಸೆಕ್ಷನ್‌ಗಳ ಪಟ್ಟಿಯಲ್ಲೇ ಇಲ್ಲ. ಇಬ್ಬರು ಕೂತು ಮುಗಿಸಿಕೊಂಡೆವು ಅಂದರೆ ಮುಗಿಯುವುದಿಲ್ಲ.

ಆಸ್ಪತ್ರೆಯ ಸಿಸ್ಟರ್

ನಾನು ನರ್ಸ್, ಊರು ಸೋಮವಾರಪೇಟೆ ಕಡೆ. ಗಾಯದ ಸರ್ಟಿಫಿಕೇಟ್‌ನಲ್ಲಿ ಮೂಳೆ ಮುರಿದದ್ದು ಬಂದಿದೆಯಾ ನೋಡಿಕೊಳ್ಳಿ. ದಾಖಲು ಮಾಡುವಾಗ "ಬಿದ್ದು ಪೆಟ್ಟಾಗಿದೆ" ಅಂತ ಯಾರಾದರೂ ಹೇಳಿದ್ದರೆ ಅದೇ ಬರೆದುಹೋಗಿರುತ್ತದೆ. ಆಮೇಲೆ ಇನ್ಶೂರೆನ್ಸಿನವರು ಹಿಡಿಯುವುದು ಅದನ್ನೇ. ಎಷ್ಟೋ ಮನೆಯವರು ಪೊಲೀಸ್ ಗಲಾಟೆ ಬೇಡ ಅಂತ ಹಾಗೆ ಹೇಳಿಬಿಡುತ್ತಾರೆ.

ಖರ್ಚಿನ ಚಿಂತೆ ಇರುವವರಿಗೆ: 2025ರ ಮೇಯಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ಅಪಘಾತ ಆದ ದಿನದಿಂದ ಏಳು ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಯೋಜನೆಯಲ್ಲಿ ಸೇರಿದ ಆಸ್ಪತ್ರೆ ಆಗಿರಬೇಕು, ಪೊಲೀಸರಿಗೆ ವಿಷಯ ತಿಳಿದಿರಬೇಕು. ಮೊದಲು 112ಕ್ಕೆ ಫೋನ್ ಮಾಡಿ.

ಮತ್ತೆ ದಾರಿಯಲ್ಲಿ ಬಿದ್ದವರನ್ನು ಕರೆತರಲು ಹೆದರಬೇಡಿ. ತಂದವರ ಹೆಸರು, ವಿಳಾಸ ಕೊಡಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ ಅಂತಲೇ ಕಾಯ್ದೆ ಇದೆ. ಈಗ ಮೋಟಾರು ಕಾಯ್ದೆಯಲ್ಲೂ 134ಎ ಇದೆ.

ಮಾಂದಲ್‌ಪಟ್ಟಿ ಜೀಪು

ಸಿಸ್ಟರ್ ಹೇಳಿದ್ದು ಎಲ್ಲರಿಗೂ ಮುಟ್ಟಬೇಕು. ಮಕ್ಕಂದೂರು ಹತ್ತಿರ ಒಮ್ಮೆ ಬೈಕ್ ಹುಡುಗ ಬಿದ್ದಿದ್ದ. ಹತ್ತು ಜನ ನಿಂತು ವಿಡಿಯೊ ಮಾಡುತ್ತಿದ್ದರು, ಎತ್ತಲು ಒಬ್ಬನೂ ಇಲ್ಲ. ಸಾಕ್ಷಿ ಅಂತ ಕೋರ್ಟಿಗೆ ಎಳೆಯುತ್ತಾರೆ ಅಂತ ಭಯ.

ನಮ್ಮನ್ನೂ ಬೈಯುತ್ತೀರಿ, ಗೊತ್ತು. ಸೀಸನ್‌ನಲ್ಲಿ ಒಂದು ಟ್ರಿಪ್ ಜಾಸ್ತಿ ಸಿಗಲಿ ಅಂತ ನಮ್ಮವರೂ ಎಳೆಯುತ್ತಾರೆ. ಸುಳ್ಳು ಹೇಳುವುದಿಲ್ಲ.

ಅಮ್ಮತ್ತಿ ಅಕ್ಕ

ನನ್ನದೂ ಒಂದು ಪ್ರಶ್ನೆ ವಕೀಲ್ ಸಾರ್. ಕಾಫಿ ಕೊಯ್ಲಿಗೆ ಸಿದ್ದಾಪುರ ಕಡೆಯಿಂದ ಪಿಕಪ್‌ನಲ್ಲಿ ಆಳುಗಳನ್ನು ಕರೆತರುತ್ತೇವೆ. ಹಿಂದೆ ನಿಂತುಕೊಂಡೇ ಬರುತ್ತಾರೆ, ಹದಿನೈದು ಇಪ್ಪತ್ತು ಜನ. ಎಲ್ಲ ತೋಟದವರೂ ಹೀಗೇ ಮಾಡುವುದು. ಈಗ ಓದಿ ಹೊಟ್ಟೆಯಲ್ಲಿ ಒಂಥರಾ ಆಗುತ್ತಿದೆ. ಏನಾದರೂ ಆದರೆ?

ಹಳೇ ಕೋರ್ಟು

ಅಕ್ಕ, ನೇರ ಹೇಳುತ್ತೇನೆ, ಬೇಸರ ಮಾಡಬೇಡಿ. ಈ ಇಡೀ ಚರ್ಚೆಯಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವ ಪ್ರಶ್ನೆ ನಿಮ್ಮದು.

ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು ಪರ್ಮಿಟ್ ಉಲ್ಲಂಘನೆ. ಮೋಟಾರು ಕಾಯ್ದೆಯ 192ಎ ಪ್ರಕಾರ ಮೊದಲ ಸಲಕ್ಕೇ 10,000 ದಂಡ, ಆರು ತಿಂಗಳವರೆಗೆ ಜೈಲೂ ಇದೆ. ಅದನ್ನು ಕಟ್ಟಿಬಿಡಬಹುದು ಅಂದುಕೊಳ್ಳಿ. ಆದರೆ ಗಾಡಿ ಮಗುಚಿದರೆ? ಸರಕು ಗಾಡಿಯಲ್ಲಿ ಹತ್ತಿದ ಪ್ರಯಾಣಿಕರಿಗೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ 2002ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟಿದ್ದಾರೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಜೊತೆಯಲ್ಲಿದ್ದರೆ ಬೇರೆ. ಚೀಲ ಹೇರಿ ಇಳಿಸುವ ಒಂದಿಬ್ಬರಿಗೆ ಪಾಲಿಸಿಯಲ್ಲಿ ಕವರ್ ಇರಬಹುದು. ಇಪ್ಪತ್ತು ಜನಕ್ಕೆ ಇರುವುದಿಲ್ಲ. ಆಗ ಗಾಯಾಳುಗಳ, ಸತ್ತವರ ಮನೆಯವರ ಪರಿಹಾರ ಗಾಡಿ ಮಾಲೀಕರ ತಲೆ ಮೇಲೆ. ತೋಟ ಮಾರಬೇಕಾದೀತು.

ಆ ಆಳುಗಳಿಗೂ ಯೋಚನೆ ಮಾಡಿ. ಎಲ್ಲಿಂದಲೋ ಬಂದವರು. ಯಾವ ಕೋರ್ಟು, ಯಾವ ಅರ್ಜಿ ಅಂತ ಅವರಿಗೆ ಹೇಳುವವರು ಯಾರಿದ್ದಾರೆ?

ಅಮ್ಮತ್ತಿ ಅಕ್ಕ

ಬೇಸರ ಇಲ್ಲ ಸಾರ್. ಹಳದಿ ಬೋರ್ಡಿನ ಜೀಪ್ ಮಾತಾಡಿ ನೋಡುತ್ತೇನೆ. ಎರಡು ಟ್ರಿಪ್ ಆಗುತ್ತದೆ ಅಷ್ಟೇ. ಯಜಮಾನರು ಕೂಗಾಡಲಿ.

ಗುಡ್ಡೆಹೊಸೂರು ಗುಂಡ

ದಂಡ ದಂಡ ಅಂತೀರಿ, ದಂಡ ಎಲ್ಲಿದೆ? 2019ರ ಸೆಪ್ಟೆಂಬರ್‌ನಲ್ಲಿ ಹೊಸ ದಂಡ ಬಂತು. ಅದೇ ತಿಂಗಳು ನಮ್ಮ ಸರ್ಕಾರ ಹೆಲ್ಮೆಟ್ ದಂಡವನ್ನು ಸಾವಿರದಿಂದ ಐನೂರಕ್ಕೆ ಇಳಿಸಿತು. ಆಮೇಲೆ 2023ರಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ, 2025ರಲ್ಲಿ ಮತ್ತೆ ಅರ್ಧ ರಿಯಾಯಿತಿ. ಆಷಾಢ ಸೇಲ್ ಥರ. ಕಾಯುತ್ತಾ ಕೂತವನೇ ಜಾಣ ಅಂತಾಯಿತು.

ಪೇದೆ ಆಗಿದ್ದೆ

ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ ಗುಂಡ. ನಾನು ಕಂಡ ಹಾಗೆ ಜನ ಹೆದರುವುದು ದಂಡಕ್ಕಲ್ಲ, ಡಿಎಲ್ ಕಿತ್ತುಕೊಂಡರೆ. ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಅತಿವೇಗ ಇವುಗಳಿಗೆಲ್ಲ ಪೊಲೀಸರು ಡಿಎಲ್ ವಶಪಡಿಸಿ ಅಮಾನತಿಗೆ ಆರ್‌ಟಿಒಗೆ ಕಳಿಸಬಹುದು. ಬಾಡಿಗೆ ಓಡಿಸುವವನಿಗೆ ಮೂರು ತಿಂಗಳು ಅಂದರೆ ಮೂರು ತಿಂಗಳ ಅನ್ನ.

ಕುಡಿತದ ವಿಷಯ ಯಾರೂ ಎತ್ತಲಿಲ್ಲ ನೋಡಿ! ಕೊಡಗಿನವರು ಅಲ್ವಾ ನಾವು. 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಮೋಟಾರು ಕಾಯ್ದೆಯ 185. ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000, ಎರಡನೇ ಸಲ ಎರಡು ವರ್ಷದವರೆಗೆ ಅಥವಾ 15,000. ಮದುವೆ ಮನೆಯಿಂದ ಬರುವವರು "ಸಾರ್, ಎರಡೇ ಪೆಗ್" ಅನ್ನುತ್ತಿದ್ದರು. ನಮ್ಮ ಕಡೆ ಪೆಗ್ಗಿನ ಅಳತೆ ಹಾಕುವವನು ಭಾವನೋ ಚಿಕ್ಕಪ್ಪನೋ ಆಗಿರುತ್ತಾನೆ, ಮುಂದಿನ ಮಾತು ಯಾಕೆ.

ತಿತಿಮತಿ ತಾಯಿ

ಮಧ್ಯೆ ಬರುತ್ತಿದ್ದೇನೆ. ನನ್ನ ಮಗನಿಗೆ ಹದಿನಾರು. ತೋಟದೊಳಗೆ ಬೈಕ್ ಕಲಿತಿದ್ದಾನೆ. ಈಗ ಗೋಣಿಕೊಪ್ಪಕ್ಕೆ ಟ್ಯೂಷನ್‌ಗೆ ಅದರಲ್ಲೇ ಹೋಗುತ್ತೇನೆ ಅಂತ ಹಟ. ಸಂಜೆ ಹೊತ್ತು ಆನೆ ಬೇರೆ ರಸ್ತೆಗೆ ಬರುತ್ತದೆ. ಅವನ ಅಪ್ಪ "ನಾನು ಹದಿನಾಲ್ಕಕ್ಕೇ ಜೀಪ್ ಓಡಿಸಿದ್ದೆ" ಅಂತ ಹೆಮ್ಮೆ ಪಡುತ್ತಾರೆ.

ಹಳೇ ಕೋರ್ಟು

ಇದನ್ನು ಅವನ ಅಪ್ಪನಿಗೆ ತೋರಿಸಿ ತಾಯಿ. ಮೋಟಾರು ಕಾಯ್ದೆಯ 199ಎ. ಅಪ್ರಾಪ್ತ ವಯಸ್ಸಿನವನು ಓಡಿಸಿ ಅಪರಾಧ ಆದರೆ ಶಿಕ್ಷೆ ಅಪ್ಪನಿಗೋ, ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೋ. ಮೂರು ವರ್ಷದವರೆಗೆ ಜೈಲು ಮತ್ತು 25,000 ದಂಡ. "ಅಥವಾ" ಅಲ್ಲ, "ಮತ್ತು". ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಡಿಎಲ್ ಇಲ್ಲ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬಸ್ಸಿನಲ್ಲೇ ಓಡಾಡಬೇಕು. ಹುಡುಗರಿಗೆ ಜೈಲಿಗಿಂತ ಇದೇ ನಾಟುತ್ತದೆ.

ತಿತಿಮತಿ ತಾಯಿ

ತೋರಿಸಿದೆ. ಕೀಲಿ ಈಗ ನನ್ನ ಹತ್ತಿರ ಇದೆ. ಅಪ್ಪ ಮಗ ಇಬ್ಬರೂ ಮಾತು ಬಿಟ್ಟಿದ್ದಾರೆ.

ಬೆಂಗಳೂರಿಂದ ಬರುವವ

ಒಂದು ಅನುಮಾನ. ತಪ್ಪು ಮಾಡಿದ ಚಾಲಕನೇ ಸತ್ತರೆ ಅವನ ಮನೆಯವರಿಗೆ ಪರಿಹಾರ ಸಿಗುತ್ತದಾ?

ಹಳೇ ಕೋರ್ಟು

ಒಳ್ಳೆಯ ಪ್ರಶ್ನೆ. 2014ರಲ್ಲಿ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಕಾರು ಮಗುಚಿ ಚಾಲಕ ತೀರಿಕೊಂಡರು. ಅತಿವೇಗ, ಅಜಾಗರೂಕತೆ ಅವರದ್ದೇ ಅಂತ ತನಿಖೆಯಲ್ಲಿ ಬಂದಿತ್ತು. ಹೆಂಡತಿ, ಮಗ, ತಂದೆತಾಯಿ ಪರಿಹಾರ ಕೇಳಿದರು. ನಮ್ಮ ಹೈಕೋರ್ಟ್ ಆಗುವುದಿಲ್ಲ ಅಂತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಮಾಲೀಕ ಚಾಲಕನಿಗೆ ಅಂತ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆಯಾಗಿ ಇರುತ್ತದೆ. ಅದು ಪಾಲಿಸಿಯ ಷರತ್ತಿನ ಮೇಲೆ.

ಬೋಯಿಕೇರಿ ಹುಡುಗ (ಬುಧವಾರ)

ಎಲ್ಲರಿಗೂ ಥ್ಯಾಂಕ್ಸ್. ಈಗ ಇನ್ನೊಂದು ಸಹಾಯ. ಆ ಬಸ್ಸಿನ ಹಿಂದೆಯೋ ಮುಂದೆಯೋ ಇದ್ದವರು ಯಾರಾದರೂ ಡ್ಯಾಶ್‌ಕ್ಯಾಮ್ ಇಟ್ಟಿದ್ದರೆ ಹೇಳಿ. ಶನಿವಾರ ಬೆಳಿಗ್ಗೆ ಎಂಟೂವರೆ. ಕಾರಿನವರು ಈಗ ಬಸ್ಸೇ ಬಲಕ್ಕೆ ಬಂತು, ನಾವು ತಪ್ಪಿಸಿಕೊಳ್ಳಲು ಹೋದೆವು ಅಂತ ಹೇಳಿಕೆ ಕೊಟ್ಟಿದ್ದಾರಂತೆ.

ಕಾಫಿ ಹೂವು

ನಮ್ಮ ಹೋಂಸ್ಟೇ ಗೇಟಿನ ಕ್ಯಾಮೆರಾ ರಸ್ತೆ ಕಡೆ ಇದೆ. ನೋಡಿದೆ. ಮಂಜಿದ್ದರೂ ಕಾಣುತ್ತದೆ. ಬಸ್ಸು ತನ್ನ ಬದಿಯಲ್ಲೇ ಇದೆ. ಕಾರು ಗೆರೆ ದಾಟಿದೆ.

ಆದರೆ ತಮ್ಮಾ, ಇನ್ನೊಂದೂ ಕಾಣುತ್ತದೆ. ನಿಮ್ಮ ಮಾವ ತೋಟದ ಗೇಟಿನಿಂದ ಆಗಷ್ಟೇ ರಸ್ತೆಗೆ ಇಳಿದಿದ್ದಾರೆ. ನಿಂತು ನೋಡಿದ ಹಾಗೆ ಕಾಣುವುದಿಲ್ಲ. ಕೊಡಲಾ ಬೇಡವಾ?

ಬೋಯಿಕೇರಿ ಹುಡುಗ

ಎರಡು ಗಂಟೆ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಮಾವನನ್ನು ಕೇಳಿದೆ. ಮೊದಲು ಸಿಟ್ಟು ಬಂತು. ಆಮೇಲೆ "ದಿನಾ ಹಾಗೇ ಇಳಿಯೋದು, ಯಾವಾಗಲೂ ಏನೂ ಆಗಿರಲಿಲ್ಲ" ಅಂದರು. ವಕೀಲ್ ಸಾರ್, ಇದನ್ನು ಕೊಟ್ಟರೆ ನಮ್ಮ ಕೇಸು ಹಾಳಾಗುತ್ತದಾ?

ಹಳೇ ಕೋರ್ಟು

ಹಾಳಾಗುವುದಿಲ್ಲ, ಸ್ವಲ್ಪ ತೂಕ ಇಳಿಯಬಹುದು. ಒಳದಾರಿಯಿಂದ ಮುಖ್ಯ ರಸ್ತೆಗೆ ಬರುವವನು ನಿಂತು, ಅಲ್ಲಿನ ಗಾಡಿಗಳಿಗೆ ದಾರಿ ಬಿಡಬೇಕು ಅನ್ನುವುದು ನಿಯಮ. ಮಾವನ ಪಾಲು ಇಷ್ಟು ಅಂತ ನ್ಯಾಯಮಂಡಳಿಗೆ ಅನ್ನಿಸಿದರೆ ಪರಿಹಾರದಲ್ಲಿ ಅಷ್ಟು ಕಡಿತ ಮಾಡುತ್ತಾರೆ. ಉಳಿದದ್ದು ಬರುತ್ತದೆ. ಆದರೆ ಅವರು ಬಂದಿದ್ದು ತಮ್ಮ ಎಡಬದಿಗೆ. ಅಲ್ಲಿ ಎದುರಿನಿಂದ ಕಾರು ಬರಬಹುದು ಅಂತ ಯಾರು ನಿರೀಕ್ಷೆ ಮಾಡುತ್ತಾರೆ? ಇನ್ನು ಕ್ರಿಮಿನಲ್ ಕೇಸಿನಲ್ಲಿ, ಪೆಟ್ಟು ತಿಂದವನದ್ದೂ ಸ್ವಲ್ಪ ತಪ್ಪಿತ್ತು ಅಂದ ಮಾತ್ರಕ್ಕೆ ಗುದ್ದಿದವನು ಪಾರಾಗುವುದಿಲ್ಲ.

ಬಚ್ಚಿಟ್ಟರೆ ಬಸ್ ಚಾಲಕನ ಮೇಲೆ ಬರುತ್ತದೆ, ಅದನ್ನು ಮರೆಯಬೇಡಿ. ಏನೂ ಮಾಡದ ಮನುಷ್ಯ.

ಸಂಪಾಜೆ ಲೈನ್

ಆ ಚಾಲಕ ನನಗೆ ಗೊತ್ತಿರುವವರು. ಸೋಮವಾರದಿಂದ ಊಟ ಸೇರುತ್ತಿಲ್ಲ ಅವರಿಗೆ.

ಪೇದೆ ಆಗಿದ್ದೆ

ಪೆನ್ ಡ್ರೈವ್‌ಗೆ ಹಾಕಿ ಕೊಟ್ಟರೆ ಮಾತ್ರ ಸಾಲದು. ಕ್ಯಾಮೆರಾ ಯಜಮಾನರ ಸರ್ಟಿಫಿಕೇಟ್ ಬೇಕು, ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್. ತನಿಖಾಧಿಕಾರಿಗೆ ಹೇಳಿ, ನಮೂನೆ ಅವರೇ ಕೊಡುತ್ತಾರೆ. ತಡ ಮಾಡಬೇಡಿ, ಹಳೆಯದು ಅಳಿಸಿ ಅದರ ಮೇಲೇ ಹೊಸದು ರೆಕಾರ್ಡ್ ಆಗುತ್ತದೆ.

ಕಾಫಿ ಹೂವು

ನಮ್ಮದು ಹತ್ತು ದಿನ ಇರುತ್ತದೆ. ಶನಿವಾರ ಗೆಸ್ಟ್ ಬರುತ್ತಾರೆ, ಅದರೊಳಗೆ ಬಂದರೆ ನಾನೇ ಕೂತು ತೆಗೆದುಕೊಡುತ್ತೇನೆ.

ಬೋಯಿಕೇರಿ ಹುಡುಗ

ನಾಳೆ ಬೆಳಿಗ್ಗೆ ಪೊಲೀಸರ ಜೊತೆ ಬರುತ್ತೇನೆ ಅಕ್ಕ. ಪೂರ್ತಿ ಕೊಡಿ, ಗೇಟಿನಿಂದ ಇಳಿದದ್ದೂ ಸೇರಿಸಿ. ಮಾವನೇ ಹೇಳಿದ್ದಾರೆ. ಗೇಟಿನ ಪಕ್ಕದ ಲಂಟಾನ ಕಡಿಸಬೇಕು, ರಸ್ತೆ ಕಾಣುವುದಿಲ್ಲ ಅಂತ ಮಲಗಿದಲ್ಲಿಂದಲೇ ಆಳಿಗೆ ಫೋನ್ ಮಾಡುತ್ತಿದ್ದಾರೆ.

ಮಾಂದಲ್‌ಪಟ್ಟಿ ಜೀಪು

ಲಂಟಾನಕ್ಕೆ ನಾನು ಕತ್ತಿ ಹಿಡಿದು ಬರುತ್ತೇನೆ. ಶುಕ್ರವಾರ ಟ್ರಿಪ್ ಇಲ್ಲ.